ಎಡಬದಿಯ ಬಾಗಿಲಿನ ಗೀರುಗಳು

ಟಾರ್ಚನ್ನು ಓರೆಯಾಗಿ ಹಿಡಿದಾಗ ಮಾತ್ರ ಗೀರುಗಳು ಕಂಡವು. ನೇರವಾಗಿ ನೋಡಿದರೆ ಏನೂ ಇಲ್ಲ. ಕಾರಿನ ಎಡಬದಿಯ ಬಾಗಿಲಿನ ಒಳಗೆ, ಹಿಡಿಕೆಯ ಸುತ್ತ ಕೂರಿಸಿದ್ದ ಕಪ್ಪು ಪಟ್ಟಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಳಕು ಬದಿಯಿಂದ ಬಿದ್ದ ಕೂಡಲೇ ನಾಲ್ಕು ಗೆರೆಗಳು ಎದ್ದು ಬಂದವು. ಒಂದರ ಪಕ್ಕ ಒಂದು, ನಾಲ್ಕೂ ಒಂದೇ ಕಡೆಗೆ ಬಾಗಿದ್ದವು.

"ಹೋತ್ತಾ ಸುಂದರಣ್ಣ?" ಹೊರಗೆ ನಿಂತಿದ್ದ ಶೈಲೇಶ್ ಬಗ್ಗಿ ಕೇಳಿದ.

"ಹೋತ್ತ್ ಸಾರ್. ಮೇಲ್ಮೇಲಿನ ಗೀರ್. ಎಂತ ತಾಗಿದ್ದ್?"

"ಬಳೆ ಅಂಬ್ರ್, ಇವ್ಳದ್ದ್. ಕಾರ್ ತಕಂಡ್ ಆರ್ ತಿಂಗ್ಳ್ ಆಯ್ಲಿಲ್ಲ. ಎಷ್ಟ್ ಹೇಳಿರೂ ಅಷ್ಟೇ." ಶೈಲೇಶ್ ನಗುತ್ತಲೇ ಹೇಳಿದ. ಅವನಿಗೆ ಬ್ರಹ್ಮಾವರದಲ್ಲಿ ಟೈಲ್ಸ್ ಅಂಗಡಿ. ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅವನ ಹೆಂಡತಿ ಸುಪ್ರೀತಾ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಸುಂದರ ಮುಂಬಯಿಯ ಅಂಧೇರಿಯಲ್ಲಿ ಹದಿನೆಂಟು ವರ್ಷ ಕಾರುಗಳಿಗೆ ಪಾಲಿಶ್ ಮಾಡಿದವನು. ಊರಿಗೆ ಬಂದು ಕೋಟದ ಹೈವೇ ಬದಿಯಲ್ಲಿ ಈ ತಗಡಿನ ಶೆಡ್ ಹಾಕಿ ಒಂಬತ್ತು ವರ್ಷವಾಗಿತ್ತು. ಬೀಗದ ಕೈ ತಾಗಿದ್ದು ಯಾವುದು, ಉಂಗುರ ತಾಗಿದ್ದು ಯಾವುದು, ಧೂಳಿನ ಮೇಲೆ ಒಣಬಟ್ಟೆ ಎಳೆದದ್ದು ಯಾವುದು ಎಂದು ಅವನಿಗೆ ನೋಡಿದರೆ ತಿಳಿಯುತ್ತಿತ್ತು. ಬಳೆಯ ಗೀರು ಹೀಗೆ ಸಾಲಾಗಿ ಬೀಳುವುದಿಲ್ಲ. ಆದರೂ ಅದು ತನ್ನ ಕೆಲಸವಲ್ಲ ಎಂದುಕೊಂಡು ಒದ್ದೆ ಬಟ್ಟೆಯಿಂದ ಧೂಳು ತೆಗೆದ, ಅಂಚುಗಳಿಗೆ ಪೇಪರ್ ಟೇಪ್ ಅಂಟಿಸಿದ, ಸಣ್ಣ ಮೆಶಿನ್ನಿಗೆ ಮೆತ್ತನೆಯ ಸ್ಪಂಜು ಹಾಕಿ ನಿಧಾನಕ್ಕೆ ತಿರುಗಿಸಿದ. ಅವಸರ ಮಾಡಿದರೆ ಪ್ಲಾಸ್ಟಿಕ್ ಬಿಸಿಯೇರಿ ಮಂಕಾಗುತ್ತದೆ. ಮುಕ್ಕಾಲು ಗಂಟೆಯ ನಂತರ ಪಟ್ಟಿಯಲ್ಲಿ ಅವನ ಮುಖ ಒಂದು ಗೆರೆಯೂ ಇಲ್ಲದೆ ಕಂಡಿತು.

"ಕಾಣ್ ಸುಪ್ರೀತಾ, ಎಷ್ಟ್ ಚೆಂದ ಮಾಡಿರ್. ಇನ್ನಾರೂ ಜಾಗ್ರತಿ," ಎಂದ ಶೈಲೇಶ್. ಅವಳು ಬಗ್ಗಿ ನೋಡಿ, "ಹ್ಞೂಂ, ಚೆಂದ ಆಯ್ತ್," ಎಂದಳು. ಅವಳು ಹತ್ತಿ ಕೂತು ಸೆರಗು ಒಳಗೆ ಎಳೆದುಕೊಳ್ಳುವವರೆಗೆ ಶೈಲೇಶ್ ಕಾದು, ಬಾಗಿಲನ್ನು ಮೆಲ್ಲಗೆ ಹಾಕಿದ. ಇಂಥ ಸಮಾಧಾನದ ಜನ ಈಗ ಅಪರೂಪ ಎಂದು ಸುಂದರ ಆ ಸಂಜೆ ಹೆಂಡತಿ ಸುಗುಣಳ ಹತ್ತಿರ ಹೇಳಿದ.

ಜನವರಿಯ ಒಂದು ಬೆಳಿಗ್ಗೆ ಅದೇ ಬಿಳಿ ಕಾರು ಸರ್ವಿಸ್ ರಸ್ತೆಯಲ್ಲಿ ತೀರಾ ನಿಧಾನವಾಗಿ ಬಂದು ನಿಂತಿತು. ಸುಪ್ರೀತಾ ಒಬ್ಬಳೇ ಓಡಿಸಿಕೊಂಡು ಬಂದಿದ್ದಳು.

"ಇವ್ರ್ ಹುಬ್ಬಳ್ಳಿಗೆ ಹೋಯ್ರ್ ಅಣ್ಣ. ಸಂಜೆಗೆ ಬತ್ರ್. ಅಷ್ಟೊಳ್ಗೆ ಆತ್ತಾ?"

ಈ ಸಲ ಟಾರ್ಚು ಬೇಕಾಗಲಿಲ್ಲ. ಅದೇ ಜಾಗ, ಅದೇ ನಾಲ್ಕು ಗೆರೆ, ಕೆಳಗಡೆ ಇನ್ನೊಂದು. ಸುಂದರ ಯೋಚಿಸದೆ ತನ್ನ ಎಡಗೈಯನ್ನು ಅವುಗಳ ಮೇಲಿಟ್ಟ. ನಾಲ್ಕು ಬೆರಳು ನಾಲ್ಕು ಗೆರೆಯ ಮೇಲೆ ಕೂತವು, ಹೆಬ್ಬೆರಳು ಕೆಳಗಿನದರ ಮೇಲೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ಅದನ್ನು ನೋಡಿದಳು.

"ಬಳೆ ಅಲ್ಲ ಅಲ್ದಾ ಅಕ್ಕ?"

"ಉಗ್ರ್ ತೆಗಿತೇ ಇರ್ತೆ ಅಣ್ಣ. ಆದ್ರೂ ಗೀರ್ ಬೀಳತ್ತ್."

ಒಂದು ಗೀರು ಆಳವಾಗಿತ್ತು. ಸುಂದರ ತೀರ ನಯವಾದ ಮರಳುಕಾಗದವನ್ನು ಒದ್ದೆ ಮಾಡಿ ಅದರ ಮೇಲೆ ಉಜ್ಜತೊಡಗಿದ. ಮೆಶಿನ್ನಿನ ಸದ್ದು ಇಲ್ಲದಿದ್ದದ್ದಕ್ಕೋ ಏನೋ, ಅವಳು ತಾನಾಗಿ ಬಾಯಿ ತೆರೆದಳು.

"ಅವ್ರ್ ಹೊಡೂದಿಲ್ಲೆ. ಬಯ್ಯೂದೂ ಇಲ್ಲೆ. ಸಿಟ್ಟ್ ಬಂದ್ರೆ 'ಬಾ, ಒಂದ್ ರೌಂಡ್ ಹೋಯ್ ಬಪ್ಪ' ಅಂತ್ರ್. ಅಷ್ಟೇ."

ಅವಳು ಹೇಳುತ್ತಾ ಹೋದಳು. ಕುಂದಾಪುರ ದಾಟುವವರೆಗೆ ಶೈಲೇಶ್ ಸುಮ್ಮನೆ ಹೋಗುತ್ತಾನೆ. ತ್ರಾಸಿ ಕಳೆದ ಮೇಲೆ ಮರವಂತೆಯ ನೇರ ರಸ್ತೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಅಲ್ಲಿ ಎಕ್ಸಲರೇಟರ್ ಒತ್ತುತ್ತಾನೆ. ನೂರ ಮೂವತ್ತು, ನೂರ ನಲವತ್ತು. ಲಾರಿಯ ಹಿಂಬದಿ ಕಣ್ಣ ಮುಂದೆ ಬರುವವರೆಗೂ ಬ್ರೇಕು ಮುಟ್ಟುವುದಿಲ್ಲ. ಒಂದು ಮಾತೂ ಆಡುವುದಿಲ್ಲ. ಇವಳು ಕೂಗಿದರೆ ಇನ್ನೂ ಜೋರು. ಬೈಂದೂರು ಸಿಗುವ ಮೊದಲು ಉಪ್ಪುಂದದಲ್ಲಿ ತಿರುಗಿಸಿ, ಬರುವಾಗ ಐವತ್ತರಲ್ಲಿ ಬರುತ್ತಾನೆ. ಮನೆಗೆ ಬಂದು ಚಹಾ ಕೇಳುತ್ತಾನೆ.

"ಮರ್ದಿನ ಬೆಳಿಗ್ಗೆ ಮೊಬೈಲ್ ಲೈಟ್ ಹಾಕಿ ಬಾಗ್ಲ್ ಕಾಂತ್ರ್. ಗೀರ್ ಬಿದ್ದಿರೆ ಮತ್ತೆ ಒಂದ್ ರೌಂಡ್ ಹೋಯ್ಕ್. ಈ ಸಲ ಹುಬ್ಬಳ್ಳಿಗೆ ಹೋಪು ಅವಸರಂಗೆ ಕಾಣ್ಲಿಲ್ಲ. ಸಂಜೆ ಬಂದ್ ಕಾಂತ್ರ್."

ಸುಂದರನ ಕೈ ನಿಂತಿತು. "ಯಾರಿಗಾರೂ ಹೇಳಿರ್ಯಾ?"

"ಬಾರ್ಕೂರಂಗೆ ಅಮ್ಮನಿಗೆ ಹೇಳ್ದೆ. ಕುಡುದಿಲ್ಲೆ, ಕೈ ಮಾಡುದಿಲ್ಲೆ, ಕಾರಂಗೆ ಕೂರ್ಸ್ಕಂಡ್ ತಿರ್ಗಸ್ತ್ರ್, ಇನ್ನೆಂತ ಬೇಕ್ ನಿಂಗೆ ಅಂದ್ಲ್." ಅವಳು ಹೈವೇ ಕಡೆ ನೋಡಿದಳು. "ಸ್ಟೇಶನ್ನಿಗೆ ಹೋರೂ ಎಂತ ಬರ್ಸುದ್ ಅಣ್ಣ? ಗಂಡ ಕಾರ್ ಜೋರ್ ಓಡಸ್ತ್ರ್ ಅಂತ್ಲಾ?"

ಸುಂದರ ತನಗೆ ಗೊತ್ತಿದ್ದದ್ದನ್ನೇ ಹೇಳಿದ. "ಇದ್ರ ಮೇಲಿನ ಕೋಟಿಂಗ್ ತೆಳು ಅಕ್ಕ. ಪ್ರತಿ ಸಲ ಗೀರ್ ತೆಗುವತಿಗೆ ಅದೂ ಒಂದ್ಚೂರ್ ಹೋತ್ತ್. ಇನ್ನೊಂದ್ ಸಲ ಆತ್ತಿಲ್ಲೆ."

ಡಾಕ್ಟರ ಮಾತು ಕೇಳುವವರ ಹಾಗೆ ಅವಳು ತಲೆಯಾಡಿಸಿದಳು. "ಇನ್ನೊಂದ್ ಸಲ ಬೀಳ್ದಾಂಗೆ ಕಾಂತೆ. ಕೈ ತೊಡೆ ಅಡಿಗೆ ಹಾಯ್ಕಂಡ್ ಕೂಕಂತೆ."

ಹೊರಡುವಾಗ ಅವನು ತನ್ನ ನಂಬರು ಬರೆದುಕೊಳ್ಳಲು ಹೇಳಿದ. "ಬ್ಯಾಡ ಅಣ್ಣ. ಇವ್ರ್ ಫೋನ್ ಕಾಂತ್ರ್," ಎಂದು ಗಾಡಿ ಹತ್ತಿದಳು.

ಮನೆಯಲ್ಲಿ ಸುಗುಣ ಮೀನು ಕೊಯ್ದು ಶುಚಿ ಮಾಡುತ್ತಾ ಎಲ್ಲವನ್ನೂ ಕೇಳಿದಳು. ಕೊನೆಗೆ ಕತ್ತಿ ಕೆಳಗಿಟ್ಟು, "ನೀವ್ ಪಾಲಿಶ್ ಮಾಡಿ ಕೊಟ್ರ್ಯಾ?" ಎಂದಳು.

"ಮಾಡ್ದೆ ಇದ್ರೆ ಅವ್ಳಿಗೇ ಅಲ್ದನಾ ಉಪದ್ರ?"

"ಅದೂ ಹೌದ್." ಅವಳು ಇನ್ನೊಂದು ಮೀನು ಎತ್ತಿಕೊಂಡಳು. "ಆ ಗಂಡ್ಸಿಗೆ ಹೇಳುವರ್ ಯಾರಾರೂ ಒಬ್ರ್ ಬೇಕ್."

ಆ ಮಾತು ಸುಂದರನ ತಲೆಯಲ್ಲಿ ಉಳಿಯಿತು. ಹೇಗೆ ಹೇಳುವುದು? ಅವಳು ಹೇಳಿದಳೆಂದು ಗೊತ್ತಾಗಬಾರದು, ಅವನಿಗೆ ನಾಟಬೇಕು. ಎರಡು ತಿಂಗಳು ಕಾರುಗಳ ಬಾನೆಟ್ಟು ಉಜ್ಜುತ್ತಾ ಅವನು ಒಂದು ವಾಕ್ಯವನ್ನು ಜೋಡಿಸಿ ಇಟ್ಟುಕೊಂಡ. ಬೈಂದೂರು ಬದಿಯ ರಸ್ತೆಗೆ ದನ ಅಡ್ಡ ಬರುತ್ತವೆ ಸಾರ್, ನಿಧಾನ ಹೋಗಬೇಕು. ಲೋಕಾಭಿರಾಮವಾಗಿ ಹೇಳಿಬಿಟ್ಟರಾಯಿತು.

ಮಾರ್ಚಿನಲ್ಲಿ ಇಬ್ಬರೂ ಬಂದರು. ಮಧ್ಯಾಹ್ನದ ಬಿಸಿಲಿಗೆ ಶೆಡ್ಡಿನ ತಗಡು ಚಟಪಟ ಎನ್ನುತ್ತಿತ್ತು. "ಮತ್ತೆ ನಿಮ್ಗೇ ಕೆಲ್ಸ ಕೊಟ್ಲ್ ಕಾಣಿ," ಎಂದು ಶೈಲೇಶ್ ನಗುತ್ತಾ ಬಾಗಿಲು ತೆಗೆದ. ಸುಪ್ರೀತಾ ಹೋಗಿ ಕುರ್ಚಿಯಲ್ಲಿ ಕೂತಳು.

ಗೀರುಗಳು ಈ ಸಲ ಒಂದರ ಮೇಲೊಂದು ಬಿದ್ದಿದ್ದವು. ಹಿಡಿಕೆಯ ಹತ್ತಿರ ಹೊಳಪೇ ಹೋಗಿ, ಕಡಲೆಕಾಳಿನಷ್ಟು ಜಾಗ ಬೂದಿಬಣ್ಣಕ್ಕೆ ತಿರುಗಿತ್ತು. ಸುಂದರ ಬೆರಳಿನಿಂದ ಮುಟ್ಟಿ ನೋಡಿದ.

"ಇದ್ ಆತ್ತಿಲ್ಲೆ ಸಾರ್. ಕೋಟಿಂಗೇ ಹೋಯ್ತ್. ಎರಡ್ ಸಲ ತೆಗ್ದ್ ಆಯ್ತಲೆ, ಇನ್ನ್ ಮೆಶಿನ್ ಇಟ್ರೆ ಪ್ಲಾಸ್ಟಿಕ್ ಕಾಂತ್ತ್. ಪಟ್ಟಿಯೇ ಬದ್ಲ್ ಮಾಡ್ಕ್."

"ಎರಡ್ ಸಲವಾ?" ಎಂದ ಶೈಲೇಶ್.

ಹಿಂದೆ ಕುರ್ಚಿ ಕಿರುಗುಟ್ಟಿತು. ಸುಂದರ ಬಾಗಿಲಿನಿಂದ ಕೈ ತೆಗೆದ. "ಅಲ್ಲ ಸಾರ್. ಒಂದೇ ಸಲ. ನಾ ಬೇರೆ ಕಾರ್ ಅಂದೇಳಿ..."

"ಹ್ಞಾಂ, ಇರ್ಲಿ ಇರ್ಲಿ." ಶೈಲೇಶ್‌ನ ನಗು ಹಾಗೇ ಇತ್ತು. ಅವನು ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ.

ಏನಾದರೂ ಹೇಳಿ ಇದನ್ನು ಮುಚ್ಚಬೇಕಿತ್ತು. ಆ ಗಾಬರಿಯಲ್ಲಿ ಸುಂದರನ ಬಾಯಿಗೆ ಬಂದದ್ದು ತಿಂಗಳುಗಟ್ಟಲೆ ಜೋಡಿಸಿಟ್ಟ ಮಾತೊಂದೇ. "ಬೈಂದೂರ್ ಬದಿ ರಸ್ತೆಯಂಗೆ ದನ ಎಲ್ಲ ಅಡ್ಡ ಬತ್ತೊ ಸಾರ್. ಒಂದ್ಚೂರ್ ನಿಧಾನ ಹೋಯ್ಕ್."

ಬೈಂದೂರಿನ ಹೆಸರನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ಹೇಳಿ ಮುಗಿದ ಮೇಲೆ ಅವನಿಗೇ ಅದು ಗೊತ್ತಾಯಿತು. ಶೈಲೇಶ್ ಒಂದು ಕ್ಷಣ ಅವನನ್ನೇ ನೋಡಿ, ಹೆಗಲ ಮೇಲೆ ಕೈ ಇಟ್ಟ.

"ಆಯ್ತ್ ಸುಂದರಣ್ಣ. ನಿಧಾನ ಹೋತೆ."

ಸುಪ್ರೀತಾ ಎದ್ದು ನಿಂತಿದ್ದಳು. ಕೂದಲು ಬಿಚ್ಚಿ, ಮತ್ತೆ ಗಟ್ಟಿಯಾಗಿ ಗಂಟು ಹಾಕಿಕೊಂಡಳು. ಅವಳ ಮುಖದಲ್ಲಿ ಸುಂದರನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಅಕ್ಕ, ಒಂದ್ ಚಾ ಕುಡ್ಕಂಡ್ ಹೋಯ್ನಿ. ನಮ್ಮನೆಯವ್ಳ್ ಈಗ ಬತ್ಲ್," ಎಂದ.

"ಇನ್ನೊಂದ್ ಸಲ ಕುಡಿವ," ಎಂದು ಶೈಲೇಶೇ ಉತ್ತರ ಕೊಟ್ಟು ಬಾಗಿಲು ಹಿಡಿದು ನಿಂತ. ಅವಳು ಹತ್ತಿ ಕೂತು, ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಸೇರಿಸಿದಳು. ಅವನು ಬಾಗಿಲನ್ನು ಮೆಲ್ಲಗೆ ಹಾಕಿದ.

ಬ್ರಹ್ಮಾವರಕ್ಕೆ ಹೋಗಬೇಕಾದರೆ ಮುಂದೆ ಡಿವೈಡರ್ ಒಡೆದ ಕಡೆ ಬಲಕ್ಕೆ ತಿರುಗಿಸಬೇಕು. ಕಾರು ಅಲ್ಲಿಗೆ ಹೋಗಿ ನಿಂತಿತು. ಬಲಗಡೆಯ ಇಂಡಿಕೇಟರ್ ಮಿನುಗತೊಡಗಿತು. ಸುಂದರ ಉಸಿರು ಬಿಟ್ಟ. ಆಚೆ ಬದಿಯಲ್ಲಿ ಎರಡು ಲಾರಿ, ಒಂದು ಮೀನಿನ ಟೆಂಪೋ ದಾಟಿ ಹೋದವು. ರಸ್ತೆ ಖಾಲಿಯಾಯಿತು. ಇಂಡಿಕೇಟರ್ ಆರಿತು. ಕಾರು ನೇರಕ್ಕೆ, ಕುಂದಾಪುರದ ಕಡೆಗೆ ಹೋಯಿತು.

ಸುಂದರ ನಾಲ್ಕು ಹೆಜ್ಜೆ ಓಡಿ ನಿಂತು, ಶೈಲೇಶ್ ಮೊದಲ ಸಲ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದ. ಎರಡೇ ರಿಂಗಿಗೆ ಶೈಲೇಶ್ ಎತ್ತಿದ. "ಹೇಳಿ ಸುಂದರಣ್ಣ." ಕಾರಿನ ಸ್ಪೀಕರಿನಲ್ಲಿ ಅವಳಿಗೂ ಕೇಳುತ್ತಿರಬೇಕು.

"ಸಾರ್, ಬಾಗ್ಲಿಗೆ... ಟೇಪ್ ಅಂಟ್ಕಂಡ್ ಹೋಯ್ತ್. ವಾಪಸ್ ಬಂದ್ರೆ ತೆಗಿತೆ." ಈ ಸಲ ಅವನು ಟೇಪು ಅಂಟಿಸಿಯೇ ಇರಲಿಲ್ಲ.

"ಇರ್ಲಿ, ಮನಿಗ್ ಹೋಯ್ ತೆಗಿತೆ," ಎಂದು ಶೈಲೇಶ್ ಫೋನ್ ಇಟ್ಟ.

ಸುಂದರ ಪೊಲೀಸರ 112 ಒತ್ತಿದ. ಆಚೆಯಿಂದ ಹುಡುಗಿಯೊಬ್ಬಳು ಏನಾಗಿದೆ ಹೇಳಿ ಎಂದು ಕೇಳಿದಳು. "ಎಂತ ಆಯ್ಲಿಲ್ಲ," ಎಂದ. "ಇನ್ನೂ ಎಂತ ಆಯ್ಲಿಲ್ಲ." ಆಮೇಲೆ ಕಾರಿನ ನಂಬರು ಹೇಳಿದ, ಮರವಂತೆ ಎಂದ, ಬೇಗ ಎಂದ. ತಿಳಿಸುತ್ತೇವೆ ಎಂದು ಅವಳು ನಂಬರನ್ನು ಇನ್ನೊಮ್ಮೆ ಓದಿ ಹೇಳಿದಳು.

ಕೆಲಸಕ್ಕೆಂದು ಬಿಟ್ಟುಹೋದ ಇನ್ನೊಂದು ಕಾರು ಶೆಡ್ಡಿನಲ್ಲಿ ಅರ್ಧ ಒದ್ದೆಯಾಗಿ ನಿಂತಿತ್ತು. ಸುಂದರ ಅದನ್ನು ಮುಟ್ಟಲಿಲ್ಲ. ರಸ್ತೆಯ ಅಂಚಿನಲ್ಲಿ, ಬಿಸಿಲಿನಲ್ಲೇ ನಿಂತ. ಸುಗುಣ ಚಹಾ ತಂದು, ಅವನ ಮುಖ ನೋಡಿ, ಪಕ್ಕದಲ್ಲಿ ನಿಂತು, ಆರಿದ ಚಹಾವನ್ನು ವಾಪಸ್ ತೆಗೆದುಕೊಂಡು ಹೋದಳು.

ಒಂದೂವರೆ ಗಂಟೆ ಕಳೆದ ಮೇಲೆ ಡಿವೈಡರಿನ ಆಚೆ ಬದಿಯಲ್ಲಿ ಆ ಬಿಳಿ ಕಾರು ಬಂತು. ಯಾವ ಅವಸರವೂ ಇಲ್ಲದೆ, ಎಲ್ಲರ ಹಾಗೆ ಬರುತ್ತಿತ್ತು. ಈಚೆ ಕಡೆಗೆ ಇದ್ದದ್ದು ಶೈಲೇಶ್‌ನ ಬದಿ. ಅವನ ಆಚೆ ಸುಪ್ರೀತಾ ಕೂರುವ ಸೀಟು ಗಾಜಿನ ಮೇಲೆ ಬಿದ್ದ ಬಿಸಿಲಿನಲ್ಲಿ ಕಾಣಲಿಲ್ಲ. ಸುಂದರ ಬಗ್ಗಿ ನೋಡಿದ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಶೈಲೇಶ್ ಒಂದು ಸಣ್ಣ ಹಾರ್ನ್ ಹಾಕಿ, ಪರಿಚಯದವರಿಗೆ ಮಾಡುವ ಹಾಗೆ ಕೈ ಎತ್ತಿದ. ಕಾರು ದಾಟಿ ಹೋಯಿತು.

ಸುಂದರನ ಕೈಯೂ ಮೇಲೆದ್ದಿತ್ತು. ಯಾವಾಗ ಎದ್ದಿತೋ ಅವನಿಗೆ ತಿಳಿಯಲಿಲ್ಲ. ಈಚೆ ಬದಿಯಲ್ಲಿ ಬರುತ್ತಿದ್ದ ಬೈಂದೂರು ಬಸ್ಸು ಆ ಕೈ ಕಂಡು ಧೂಳೆಬ್ಬಿಸುತ್ತಾ ಅವನ ಮುಂದೆಯೇ ನಿಂತಿತು.

"ಹ್ವಾಯ್, ಎಲ್ಲಿಗೆ?" ಕಂಡಕ್ಟರ್ ಬಾಗಿಲಿನಿಂದ ಬಗ್ಗಿ ಕೇಳಿದ. "ಹತ್ತಿ ಮಾರಾಯ್ರೆ, ಹೊತ್ತಾಯ್ತ್."

ಸುಂದರ ಅವನ ಮುಖವನ್ನೇ ನೋಡುತ್ತಾ ನಿಂತಿದ್ದ. ಕೈ ಇನ್ನೂ ಕೆಳಗೆ ಇಳಿದಿರಲಿಲ್ಲ.