ಕಾಂಡ್ಲದೊಳಗಿನ ಸಂಸಾರ

ಈರ ಹುಟ್ಟು ಎತ್ತಿ ದೋಣಿಯ ಹಲಗೆಗೆ ಧಡಧಡನೆ ಬಡಿದ. ದಡದ ಉಪ್ಪು ಕೆಸರಿನಲ್ಲಿ ಬೇರು ಬಿಟ್ಟು ನಿಂತ ಕಾಂಡ್ಲ ಗಿಡಗಳ ಮೇಲಿದ್ದ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಎದ್ದು ಶರಾವತಿಯ ಮೇಲೆ ಹರಡಿಕೊಂಡವು. ಹೇಗಿದೆ ಎನ್ನುವಂತೆ ಅವನು ಅತಿಥಿಗಳ ಕಡೆ ತಿರುಗಿದ. ಧಾರವಾಡದ ಡ್ರಾಯಿಂಗ್ ಮಾಸ್ತರರು ತಮ್ಮ ಹಾಳೆಯನ್ನೇ ನೋಡುತ್ತಿದ್ದರು. ಅದರಲ್ಲಿ ಎರಡು ಕಾಲು ಮಾತ್ರ ಮೂಡಿದ್ದವು. ಕಾಲಿನ ಮೇಲಿರಬೇಕಾದ ಹಕ್ಕಿ ಆಗಲೇ ಹೊಳೆ ದಾಟಿತ್ತು.

ಹಲಗೆ ಬಡಿದು ಮೀನನ್ನು ಬಲೆಗೆ ಓಡಿಸುವುದರಲ್ಲಿ ಹೊನ್ನಾವರದ ಬಂದರಿನಲ್ಲೇ ಈರನಿಗೆ ಸಾಟಿಯಿರಲಿಲ್ಲ. ಮೀನಿಗೆ ನಡೆದದ್ದು ಹಕ್ಕಿಗೂ ನಡೆಯಬೇಕು, ಅಷ್ಟು ದೂರದಿಂದ ಬಂದವರಿಗೆ ಸುಮ್ಮನೆ ಕೂತ ಹಕ್ಕಿ ತೋರಿಸಿದರೆ ಏನು ಚೆಂದ ಎಂಬುದು ಅವನ ಲೆಕ್ಕ. ಆದರೂ ಎಂಬತ್ತೆರಡರ ಆ ಚಳಿಗಾಲದಲ್ಲಿ ಲಾಡ್ಜಿನವರು ಕಳಿಸಿದ ಅತಿಥಿಗಳಲ್ಲಿ ಯಾರೂ ಎರಡನೇ ಸಲ ಬಂದಿರಲಿಲ್ಲ. ಗಂಡಸಾದವ ಪರವೂರಿನವರಿಗೆ ಕೊಕ್ಕರೆ ತೋರಿಸುತ್ತ ತಿರುಗುವುದೇ ಎಂದು ಅಣ್ಣ ದೇವು ಬಂದರಿನಲ್ಲೆಲ್ಲ ನಗುತ್ತಿದ್ದ. ಈ ಸಲವೂ ಹೀಗೇ ಆದರೆ ಸೋಮವಾರದಿಂದ ತನ್ನ ಬಲೆಗೆ ಬರಬೇಕೆಂದು ಕಡ್ಡಿ ಮುರಿದಂತೆ ಹೇಳಿಯೂ ಇದ್ದ. ಈರನಿಗೆ ಮನಸ್ಸಿರಲಿಲ್ಲ. ತನ್ನ ಹೊಳೆಯನ್ನು ಬೇರೆಯವರಿಗೆ ತೋರಿಸುವಾಗ ಅವನ ಎದೆ ಉಬ್ಬುತ್ತಿತ್ತು. ಬಲೆ ಎಳೆಯುವಾಗ ಒಂದು ದಿನವೂ ಹಾಗಾಗಿರಲಿಲ್ಲ.

ಮಾಸ್ತರರ ಹೆಂಡತಿ ಚಂಪಾಬಾಯಿ ಮೆಲ್ಲಗೆ ಬಾಯಿಬಿಟ್ಟರು. "ಹಾರೋದನ್ನ ನೋಡಾಕ ಬಂದಿಲ್ಲೋ ತಮ್ಮಾ. ಅವು ಹೆಂಗ ಇರ್ತಾವ, ಅದನ್ನ ನೋಡಬೇಕು. ಒಂದೀಟು ಸುಮ್ಮನ ಕೂಡೋಣೇನು?"

ಈರನ ಮುಖ ಸಣ್ಣದಾಯಿತು. ಹೊಳೆಯಲ್ಲೇ ಬೆಳೆದವನಿಗೆ ಧಾರವಾಡದವರು ಹೊಳೆ ಕಲಿಸುವುದೇ? ಆದರೂ ಆತು ಎಂದು ದೋಣಿಯನ್ನು ಕಾಂಡ್ಲದ ಬೇರಿಗೆ ಕಟ್ಟಿ, ಬೇಕಾದರೆ ಸಂಜೆವರೆಗೂ ಕೂತಿರಲಿ ಎಂದು ಮುಖ ತಿರುಗಿಸಿದ. ಸುಮ್ಮನೆ ಕೂರುವುದು ಇಷ್ಟು ಕಷ್ಟದ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಬೀಡಿಯನ್ನೂ ಹಚ್ಚುವಂತಿರಲಿಲ್ಲ.

ಬಹಳ ಹೊತ್ತಾದ ಮೇಲೆ ಬೇರುಗಳ ನಡುವಿನಿಂದ ಒಂದು ನೀರುನಾಯಿ ತಲೆ ಹಾಕಿತು. ಬಲೆ ಹರಿದು ಮೀನು ತಿನ್ನುವ ಕಳ್ಳ ಪ್ರಾಣಿ. ಈರನ ಕೈ ತಾನಾಗಿಯೇ ಹುಟ್ಟಿನ ಕಡೆ ಹೋಯಿತು. ಅಷ್ಟರಲ್ಲಿ ಅದರ ಹಿಂದೆಯೇ ಮರಿಗಳು ಬಂದವು. ಕೈ ಅಲ್ಲೇ ನಿಂತಿತು. ಒಂದು ಮರಿಗೆ ನೀರೆಂದರೆ ಭಯ. ತಾಯಿ ಕತ್ತು ಕಚ್ಚಿ ನೀರಿಗೆ ಎಳೆದರೆ ಅದು ಕಿರುಚುತ್ತ ಮತ್ತೆ ಬೇರು ಹತ್ತುತ್ತಿತ್ತು. ತಾಯಿಗೆ ಬೇಸರವೇ ಇರಲಿಲ್ಲ. ಇಷ್ಟು ವರ್ಷ ಈರ ಕಂಡದ್ದು ಓಡುವ ಬೆನ್ನು, ಹರಿದ ಬಲೆ. ಮುಖ ನೋಡಿದ್ದು ಇವತ್ತೇ. ಅವನಿಗೆ ನಾಚಿಕೆಯೂ ಆಯಿತು, ಹೇಳಲಾಗದಷ್ಟು ಸಂತೋಷವೂ ಆಯಿತು.

ಸಮುದ್ರದ ಇಳಿತ ಶುರುವಾಗಿ ಹೊಳೆಯ ನೀರು ತಗ್ಗುತ್ತಿದ್ದದ್ದು ಅವನಿಗೆ ತಿಳಿಯದೆ ಇರಲಿಲ್ಲ. ಈಗ ಗಳ ಹಾಕಿ ದೂಡದಿದ್ದರೆ ದೋಣಿ ಕೆಸರು ಹಿಡಿಯುತ್ತದೆ, ದೂಡಿದರೆ ಮರಿಗಳು ಓಡುತ್ತವೆ. ಈರ ದೂಡಲಿಲ್ಲ. ದೋಣಿ ಮೆಲ್ಲಗೆ ವಾಲಿ ಕೆಸರಿನ ಮೇಲೆ ಕೂತಿತು. ಇನ್ನು ನೀರು ಏರುವವರೆಗೆ ಕಾಯಬೇಕೆಂದು ಅವನು ಪಿಸುಗುಟ್ಟಿದಾಗ ಚಂಪಾಬಾಯಿ ಕಣ್ಣು ತೆಗೆಯದೆ ತಲೆಯಾಡಿಸಿದರು. ಮಾಸ್ತರರ ಪೆನ್ಸಿಲ್ ನಿಲ್ಲಲೇ ಇಲ್ಲ.

ಆಗ ಬಲೆ ಮುಗಿಸಿಕೊಂಡು ದೇವುವಿನ ದೋಣಿ ಬಂತು. ಕೆಸರಿಗೆ ಸಿಕ್ಕ ಅಂಬಿಗನನ್ನು ಬಂದರಿನವರು ವರ್ಷವಿಡೀ ಆಡಿಕೊಳ್ಳುತ್ತಾರೆ. ದೇವುವಿಗೆ ಹಬ್ಬವೇ ಆಯಿತು. "ಎಂತದೋ ಈರ, ಕೆಸರಲ್ಲಿ ಕೂತಂಡ್ಯಾ?" ಎಂದು ದೂರದಿಂದಲೇ ಕೂಗಿದ.

ತಾಯಿ ನೀರುನಾಯಿ ತಲೆ ಎತ್ತಿ ನಿಂತಿತು. ಈರ ತಲೆ ತಗ್ಗಿಸಲಿಲ್ಲ. ಅಣ್ಣನತ್ತ ಅಂಗೈ ಎತ್ತಿ ತಡೆದ.

"ದನಿ ಮಾಡ್ಬೇಡ, ಅಣ್ಣ. ಮರಿ ಈಸು ಕಲೀತಾ ಅದೆ."

ದೇವುವಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಅವನು ಹುಟ್ಟನ್ನು ನೀರಿನಿಂದೆತ್ತಿ ತೊಡೆಯ ಮೇಲಿಟ್ಟುಕೊಂಡ. ಅವನ ದೋಣಿ ತಾನೇ ತೇಲುತ್ತ ಹತ್ತಿರ ಬಂತು. ದೇವು, ಕೇಳಿಸಿತೋ ಇಲ್ಲವೋ ಎನ್ನುವಂತೆ, ತಾಯಿ ಯಾವುದೆಂದು ಕೇಳಿದ.

ಈರ ಅವಸರ ಮಾಡದೆ, ಕೈಯನ್ನು ತಗ್ಗಿಸಿಯೇ ಚಾಚಿ, ಅಣ್ಣನಿಗೆ ತೋರಿಸಿದ.