ಪೆಂಗ್ವಿನ್‌ಗಳ ಗೃಹಪ್ರವೇಶ

ಕರ್... ಕರ್. ಒದ್ದೆ ಮರವನ್ನು ಯಾರೋ ಉಗುರಿನಿಂದ ಕೆರೆದಂತೆ ಸಣ್ಣ ಸದ್ದು. ಗೀತಾ ಅಲ್ಲೇ ನಿಂತಳು. ಸರಿರಾತ್ರಿಯ ಕಡಲತೀರದಲ್ಲಿ ಒಬ್ಬಳೇ ನಡೆಯುವಾಗ ತನ್ನ ಜರ್ಕಿನ್ನಿನ ಸರಬರಕ್ಕೂ ಅವಳ ಎದೆ ಹಾರುತ್ತಿತ್ತು. ಈ ಸದ್ದು ಬರುತ್ತಿದ್ದದ್ದು ಬೀಗ ಹಾಕಿದ್ದ ಒಂದು ಹಳೆಯ 'ಬಾಚ್'ನ ಮೆಟ್ಟಿಲ ಕೆಳಗಿನಿಂದ. ರಜೆ ಬಂದರಷ್ಟೇ ಜನ ಇರುವ ಕಡಲತೀರದ ಮನೆಗೆ ಇಲ್ಲಿನವರು ಇಟ್ಟ ಹೆಸರು ಅದು.

ನೀಲಿ ಪೆಂಗ್ವಿನ್‌ಗಳು ದಡಕ್ಕೆ ಬರುವುದು ಕತ್ತಲಾದ ಮೇಲೆಯೇ. ಹಾಗಾಗಿ ಅವುಗಳ ಮೇಲೆ ಕಣ್ಣಿಡುವ ಸ್ವಯಂಸೇವಕರಿಗೂ ರಾತ್ರಿಪಾಳಿ. ಬಾಟನಿ ಡೌನ್ಸ್ ಬಡಾವಣೆಯ ಕನ್ನಡ ಬಳಗ ಈ ತೀರವನ್ನು 'ದತ್ತು ತೆಗೆದುಕೊಂಡಿತ್ತು'. ಅದು ಬಳಗದ ಮುಂದಾಳು ರಘುನಾಥನ ಮಾತು. ಗೀತಾಳನ್ನು ಕೇಳಿದ್ದರೆ, ತೀರದ ಮುಂದೆ ನಿಂತು ಫೋಟೊ ತೆಗೆಸಿಕೊಂಡಿತ್ತು ಎನ್ನುತ್ತಿದ್ದಳು.

ತರಬೇತಿ ಕೊಟ್ಟ ಹೆಲೆನ್ ಬಿಡಿಸಿ ಬಿಡಿಸಿ ಹೇಳಿದ್ದಳು: ಕೆಂಪು ದೀಪ ಮಾತ್ರ, ಗದ್ದಲ ಬೇಡ, ಗೂಡುಪೆಟ್ಟಿಗೆಗಳ ಬಳಿ ಗುಂಪು ಕಟ್ಟಬೇಡಿ, ಬೆದರಿದರೆ ಅವು ಗೂಡನ್ನೇ ಬಿಟ್ಟುಹೋಗುತ್ತವೆ. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ರಘುನಾಥನೇ. ಹೊಸ ಮರದ ಪೆಟ್ಟಿಗೆಗಳನ್ನು ಇಟ್ಟಿದ್ದೇ ತಡ, ಈ ದೇಶದಲ್ಲಿ ಯಾರಿಗೂ ಹೊಳೆಯದ್ದು ಅವನಿಗೆ ಹೊಳೆಯಿತು.

"ಹೊಸ ಮನೆ ಅಲ್ವೇನ್ರೀ? ಹಾಲುಕ್ಕಿಸ್ದೆ ಹೆಂಗೆ?"

ಮುಹೂರ್ತ ಸಿಕ್ಕಿದ್ದು ವಾರ ಬಿಟ್ಟು. ಅಷ್ಟರಲ್ಲಿ ಒಂದು ಜೋಡಿ ತುದಿಯ ಪೆಟ್ಟಿಗೆಗೆ ಹುಲ್ಲು ಹೊತ್ತು ತಂದಿತ್ತು.

"ಅವು ಆಗ್ಲೇ ಒಳಗೆ ಬಂದಿವೆ, ರಘು. ದಯವಿಟ್ಟು ಬೇಡ," ಎಂದಳು ಗೀತಾ.

"ಮುಹೂರ್ತಕ್ಕೆ ಮುಂಚೇನೇ? ಛೆ! ಪಾಪ, ಅವಕ್ಕೇನ್ ಗೊತ್ತಾಗತ್ತೆ ಮೇಡಮ್."

ಕ್ಯಾಂಪಿಂಗ್ ಸ್ಟೌ ಬಂತು, ಹಾಲು ಉಕ್ಕಿತು, ಕರ್ಪೂರದ ಹೊಗೆ ಪೆಟ್ಟಿಗೆಯ ಬಾಯಿಗೇ ನುಗ್ಗಿತು. ಪೆಟ್ಟಿಗೆಯ ಮೇಲೆ ತೆಂಗಿನಕಾಯಿ ಒಡೆಯಲು ಹೊರಟ ಬಳಗದ ಕೇದಾರನನ್ನು ಗೀತಾ ತಡೆದಳು. ಅವನು ಪಕ್ಕದ ಬಂಡೆಗೆ ಅಪ್ಪಳಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರೆಲ್ಲ ಕಂಪನಿಗಳಲ್ಲಿ ನೂರಾರು ಜನರನ್ನು ಆಳುತ್ತಾರಂತೆ!

ಆ ರಾತ್ರಿಯಿಂದ ಪೆಟ್ಟಿಗೆ ಖಾಲಿ.

"ವಾಸ್ತು ಸರಿಯಿಲ್ಲ ಅನ್ಸುತ್ತೆ," ಎಂದಿದ್ದ ರಘುನಾಥ. "ಬಾಗ್ಲು ದಕ್ಷಿಣಕ್ಕಿತ್ತು ನೋಡಿ."

ಗೀತಾ ಈಗ ಮಂಡಿಯೂರಿ ಕೆಂಪು ದೀಪವನ್ನು ಓರೆಯಾಗಿ ಹಿಡಿದಳು. ಮೆಟ್ಟಿಲ ಕೆಳಗೆ ಪೆಂಗ್ವಿನ್ ಒಂದು ಕೂತಿತ್ತು, ಹೊಟ್ಟೆಯ ಕೆಳಗೆ ಬೆಳ್ಳನೆಯ ಮೊಟ್ಟೆಯ ಅಂಚು. ಅದು ಅವಳನ್ನು ನೋಡಿ ಗುರ್ರೆಂದಿತು. ನ್ಯಾಯವೇ, ಅಂದುಕೊಂಡು ದೀಪ ಆರಿಸಿದಳು.

"ಗೀತಾ ಮೇಡಮ್! ಏನಾದ್ರೂ ಸಿಕ್ತಾ?" ಹೀಟರ್ ಹಾಕಿದ ಕಾರಿನ ಕಿಟಕಿ ಇಳಿಸಿ ರಘುನಾಥ ದೂರದಿಂದಲೇ ಕೂಗಿದ. "ಮೊಟ್ಟೆ ಕಂಡ್ರೆ ಹೇಳ್ಬಿಡಿ, ಬಳಗದೋರ್ನೆಲ್ಲ ಕರ್ಸಿ ತೊಟ್ಟಿಲು ಶಾಸ್ತ್ರ ಮಾಡ್ಬಿಡೋಣ!"

"ಹಾಡು ರೆಡಿ ಇದೆ!" ಒಳಗಿನಿಂದ ಕೇದಾರನ ನಗು.

ಪದವೊಂದನ್ನು ತಪ್ಪಾಗಿ ಬಳಸಿದರೂ ನಿದ್ದೆ ಬರದ, ಸುಳ್ಳು ಹೇಳಿ ಗೊತ್ತಿಲ್ಲದ ಗೀತಾ, ಮೆಟ್ಟಿಲವರೆಗೆ ಬಂದಿದ್ದ ತನ್ನ ಹೆಜ್ಜೆಗಳನ್ನು ಬೂಟಿನಿಂದ ಮರಳಲ್ಲಿ ಸವರುತ್ತ ಹಿಂದೆ ಹಿಂದೆ ನಡೆದಳು.

"ಏನೂ ಇಲ್ಲ!" ಎಂದು ಕೂಗಿದಳು. "ಇಲಿ ಇರ್ಬೇಕು."

"ಥೂ, ಇಲಿನಾ!" ಕಿಟಕಿ ಮೇಲೇರಿತು.

ಹೆಲೆನ್‌ಗೆ ಹೇಳಿದರೆ ಅವಳು ಖುಷಿಯಲ್ಲಿ ಅದನ್ನು ಎಲ್ಲರಿಗೂ ತಿಳಿಸುತ್ತಾಳೆ. ಗಂಡನಿಗೆ ಹೇಳೋಣವೆಂದರೆ ಅವನು ರಘುನಾಥನ ಜೊತೆ ಬ್ಯಾಡ್ಮಿಂಟನ್ ಆಡುವವನು. ಯಾರಿಗೂ ಬೇಡ. ಮರಿಗಳು ಬೆಳೆದು ಕಡಲಿಗಿಳಿದ ಮೇಲೂ ಬೇಡ ಎಂದು ನಿಶ್ಚಯಿಸಿ, ಗೀತಾ ಕಾರಿನ ಬಾಗಿಲು ತೆರೆದು, ಅವರು ಕೊಟ್ಟ ಕಾಫಿಗೆ ಕೈಯೊಡ್ಡಿದಳು.