ಬಾಗಿಲಿಗೆ ಬಂದ ಎರಡು ಗಾಡಿ

ಯಾವುದರಲ್ಲಿ ಕಳಿಸಬೇಕು ಇವಳನ್ನು? ಒಂದು ಮಾತು ಹೇಳಿ ಹೋಗಿದ್ದರೆ ಆಗುತ್ತಿರಲಿಲ್ಲವೇ? ಬಟ್ಟೆ ಒಣಗಿದೆ ತೆಗೀರಿ, ಒಲೆ ಆರಿಸಿ, ಕನ್ನಡಕ ನಿಮ್ಮ ತಲೆ ಮೇಲೇ ಇದೆ ಎಂದು ದಿನವಿಡೀ ಹೇಳುತ್ತಿದ್ದವಳು ಇದೊಂದನ್ನು ಮಾತ್ರ ನುಂಗಿಕೊಂಡು ಹೋಗಿದ್ದಾಳೆ. ಇಷ್ಟು ವರ್ಷ ಓಡಿಸಿದ ಆ ಗಾಡಿ ಅವಳಿಗೆ ಅವಮಾನವಾಗಿತ್ತೋ, ಅಭಿಮಾನವಾಗಿತ್ತೋ? ದರ್ಜಿ ಸೂಜಿ ಎಳೆದು ದಾರವನ್ನು ಹಲ್ಲಿನಲ್ಲಿ ಕಡಿದ.

ಅವನ ತೊಡೆಯ ಮೇಲೆ ಬಿಳಿ ಬಟ್ಟೆ ಹರಡಿತ್ತು. ಹೆಂಡತಿಗೆ ಹೊದಿಸಲೆಂದು ಬೆಳಿಗ್ಗೆ ಯಾರೋ ತಂದುಕೊಟ್ಟದ್ದು. ಅಂಚು ಕತ್ತರಿಸಿದ ಹಾಗೇ ಇತ್ತು, ನೂಲು ಬಿಡುತ್ತಿತ್ತು. ಹಾಗೇ ಹೊದಿಸಲು ಅವನಿಗೆ ಕೈ ಬರಲಿಲ್ಲ. ಹೊಲಿಗೆ ಯಂತ್ರದ ಸದ್ದು ಇವತ್ತು ಬೇಡವೆನಿಸಿ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತು ಕೈಯಲ್ಲೇ ಅಂಚು ಮಡಿಸಿ ಹೊಲಿಯುತ್ತಿದ್ದ.

"ಅಂಚು ಯಾರು ನೋಡ್ತಾರೆ ತಮ್ಮಾ ಈಗ?" ಎಂದಳು ಪಕ್ಕದ ಮನೆಯ ಅಜ್ಜಿ.

"ಅವಳು ನೋಡ್ತಾಳೆ" ಎಂದ. ಹೇಳಿದ ಮೇಲೆಯೇ ತಾನೇನು ಹೇಳಿದೆನೆಂದು ಅವನಿಗೆ ಕೇಳಿಸಿತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ನೋಡಿದಳು.

ಹೊರಗೆ ಓಣಿಯಲ್ಲಿ ಎರಡು ಶವವಾಹನಗಳು ಮೂತಿಗೆ ಮೂತಿ ಕೊಟ್ಟು ನಿಂತಿದ್ದವು. ಒಂದು ಸರ್ಕಾರಿ ಆಸ್ಪತ್ರೆಯದು. ಬೂದು ಬಣ್ಣ, ಸೊಟ್ಟಗಾದ ಬಂಪರು. ದರ್ಜಿಯ ಹೆಂಡತಿ ನಿವೃತ್ತಿಯಾಗುವವರೆಗೆ ಓಡಿಸಿದ ಗಾಡಿ. ಅದನ್ನು ತಂದವನು ಅವಳ ಜೊತೆ ಕೆಲಸ ಮಾಡಿದ ಡ್ರೈವರ್. ಅವನು ಪಿಸುಗುಟ್ಟಿದರೂ ಬೀದಿಯ ಕೊನೆಗೆ ಕೇಳಿಸುತ್ತಿದ್ದುದರಿಂದ ಇಲಾಖೆಯಲ್ಲೆಲ್ಲ ಅವನ ಹೆಸರು ಹಾರ್ನಣ್ಣ. ಇನ್ನೊಂದು ಬಾಡಿಗೆಯ ಗಾಡಿ, ಬೆಳ್ಳಗೆ, ಸುತ್ತ ಗಾಜು, ಒಳಗೆ ಹೂವು. ಅದನ್ನು ಮಗಳು ತರಿಸಿದ್ದಳು. ಎರಡರ ಹಿಂದೆಯೂ ಸ್ಕೂಟರುಗಳು ಸಿಕ್ಕಿಕೊಂಡು, ಯಾವುದೂ ಹಿಂದೆ ಸರಿಯುವಂತಿರಲಿಲ್ಲ. ಅಕ್ಕನನ್ನು ಬೇರೆ ಗಾಡಿಯಲ್ಲಿ ಕಳಿಸಿ ತಾನು ಖಾಲಿ ಗಾಡಿ ಓಡಿಸಿಕೊಂಡು ಶೆಡ್ಡಿಗೆ ಹೋಗಿ ಮುಖ ತೋರಿಸುವುದು ಹೇಗೆ ಎಂದು ಹಾರ್ನಣ್ಣ ಬಂದವರನ್ನೆಲ್ಲ ಕೇಳುತ್ತಿದ್ದ.

ಮಗಳು ಒಳಗೆ ಬಂದು ಅಪ್ಪನ ಎದುರು ಕುಕ್ಕರುಗಾಲಲ್ಲಿ ಕೂತಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಅಪ್ಪ, ಅಮ್ಮನ್ನ ಆ ಗಾಡಿಗೆ ಹಾಕಿದ್ದು ಅವಳ ಬಾಯಿ ಮುಚ್ಚಿಸೋಕೆ. ಇವತ್ತೂ ಅದರಲ್ಲೇ ಕಳಿಸಿದ್ರೆ ಅವರೇ ಗೆದ್ದ ಹಾಗೆ."

"ಹೂಂ."

"ಹೂಂ ಅಂದ್ರೆ ಯಾವ ಗಾಡಿಗೆ ಹೂಂ?"

ದರ್ಜಿಗೂ ಅದೇ ಗೊತ್ತಿರಲಿಲ್ಲ. ಇನ್ನೊಂದು ಅಂಚು ಬಾಕಿಯಿದೆ, ಮುಗಿಯಲಿ ಎಂದ.

*

ಸರ್ಕಾರಿ ವಾಹನಗಳ ಶೆಡ್ಡಿಗೆ ಡ್ರೈವರಾಗಿ ಸೇರಿದ ಮೊದಲ ಹೆಂಗಸು ಅವಳು. ಪರೀಕ್ಷೆಯಲ್ಲಿ ಗಂಡಸರಿಗಿಂತ ಚೆನ್ನಾಗಿ ಓಡಿಸಿ ತೋರಿಸಿಯೇ ಸೇರಿದ್ದಳು. ಬೆಳಿಗ್ಗೆ ಮೇಲ್ವಿಚಾರಕ ಗೋಡೆಯ ಮೊಳೆಗಳಿಂದ ಒಂದೊಂದೇ ಕೀಲಿ ತೆಗೆದು ಹಂಚುತ್ತಿದ್ದ. ಅವಳ ಸರದಿ ಬಂದಾಗ ಮೊಳೆಗಳೆಲ್ಲ ಖಾಲಿಯಾಗಿರುತ್ತಿದ್ದವು. ಸಾಹೇಬರ ಮನೆಯವರು ಒಪ್ಪುವುದಿಲ್ಲ ಎನ್ನುತ್ತಿದ್ದ ಒಂದು ದಿನ, ದೂರದ ಡ್ಯೂಟಿ ನಿನಗೆ ಆಗುವುದಿಲ್ಲ ಎನ್ನುತ್ತಿದ್ದ ಇನ್ನೊಂದು ದಿನ. ಅವಳು ಬೆಂಚಿನ ಮೇಲೆ ಕೂತಿರಬೇಕು. ಹೇಳಿದಾಗ ಎದ್ದು ಎಲ್ಲರ ಚಹಾದ ಲೋಟ ತೊಳೆಯಬೇಕು. ಒಂದು ದಿನ ಅವನು ಕೀಲಿಯೊಂದನ್ನು ತನ್ನ ಪ್ಯಾಂಟಿನ ಜೇಬಿಗೆ ಇಳಿಸಿ, ಬೇಕಿದ್ದರೆ ನೀನೇ ತಗೊಳ್ಳಮ್ಮ ಎಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಹಾರ್ನಣ್ಣನ ನಗು.

ಅವತ್ತೇ ಅವಳು ದೂರು ಕೊಟ್ಟಳು.

ವಿಚಾರಣೆಯ ಸಮಿತಿಯವರು ಅವನು ಹೇಳಿದ್ದನ್ನು ಅವಳ ಬಾಯಿಂದ ಮತ್ತೆ ಮತ್ತೆ ಹೇಳಿಸಿದರು. ತಮಾಷೆಗೆ ಅಂದಿರಬಹುದಲ್ಲ ಎಂದರು. ಕೊನೆಗೆ, ನೀವು ಹೀಗೆ ದೂರು ಕೊಟ್ಟಿರುವುದು ಗಂಡನಿಗೆ ಗೊತ್ತೇ ಎಂದು ಒಬ್ಬರು ಕೇಳಿದರು. ಹೊರಗೆ ಕೂತಿದ್ದ ದರ್ಜಿಗೆ ಬಾಗಿಲ ಸಂದಿಯಿಂದ ಅವಳ ಉತ್ತರ ಸ್ಪಷ್ಟವಾಗಿ ಕೇಳಿಸಿತು.

"ಗೊತ್ತು, ಹೊರಗೇ ಕೂತಿದ್ದಾರೆ. ಅವರು ದರ್ಜಿ. ಹೆಂಗಸರ ಜೊತೆ ಮರ್ಯಾದೆಯಾಗಿ ಕೆಲಸ ಮಾಡೋದು ಹೇಗೆ ಅಂತ ಬೇಕಿದ್ರೆ ಒಳಗೆ ಕರೆದು ಕೇಳಿ."

ದೂರು ನಿಜವೆಂದಾಯಿತು. ಮೇಲ್ವಿಚಾರಕ ಬೇರೆ ಕಚೇರಿಗೆ ಹೋದ, ಇದ್ದದ್ದಕ್ಕಿಂತ ದೊಡ್ಡ ಕುರ್ಚಿಗೆ. ನಿಮಗೆ ಗಾಡಿ ಬೇಕಿತ್ತು ತಾನೇ ಎಂದು ಇವಳ ಕೈಗೂ ಒಂದು ಕೀಲಿ ಕೊಟ್ಟರು. ಸಂಜೆ ಮನೆಗೆ ಬಂದವಳು, "ಗಾಡಿ ಸಿಕ್ತು" ಎಂದಳು.

"ಯಾವ ಸಾಹೇಬರದು?"

"ಸಾಹೇಬರಿಲ್ಲ. ಹಿಂದೆ ಮಲಗಿದವರು ಬೇಗ ಹೋಗು ಅಂತ ಬಯ್ಯೋದೂ ಇಲ್ಲ."

ದರ್ಜಿ ನಕ್ಕ. ನಕ್ಕು ಮುಗಿದ ಮೇಲೆ ಅರ್ಥವಾಯಿತು. ಅಷ್ಟರಲ್ಲಿ ಅವಳು ಬೆನ್ನು ತಿರುಗಿಸಿ ತಟ್ಟೆ ತೊಳೆಯುತ್ತಿದ್ದಳು.

ಆಮೇಲೆ ಆ ಗಾಡಿಯ ಮಾತು ಮನೆಯಲ್ಲಿ ಬರಲಿಲ್ಲ. ಅವಳು ಅದನ್ನು ಓಣಿಗೆ ತರಲಿಲ್ಲ, ಡ್ಯೂಟಿ ಮುಗಿದರೆ ನಡೆದೇ ಬರುತ್ತಿದ್ದಳು. ಆದರೂ ಶಾಲೆಯಲ್ಲಿ ಮಕ್ಕಳಿಗೆ ಗೊತ್ತಾಗಿ, ಮಗಳನ್ನು ಹೆಣದ ಗಾಡಿಯವಳ ಮಗಳು ಎಂದು ಕರೆದರು. ಮಗಳು ಅಳುತ್ತ ಬಂದಾಗ ಅಮ್ಮ ಅವಳ ಜಡೆ ಬಿಚ್ಚಿ ಹೊಸದಾಗಿ ಹೆಣೆದಳು.

*

ಅಂಚು ಮುಗಿಯಿತು. ದರ್ಜಿ ಮತ್ತು ಮಗಳು ಎರಡೂ ಕಡೆ ಹಿಡಿದು ಬಟ್ಟೆ ಹೊದಿಸಿದರು. ಕಾಲಿನ ಹತ್ತಿರ ಸುಕ್ಕಾಗಿತ್ತು. ಅವನು ಅಂಗೈಯಿಂದ ಸವರಿ ಸರಿಮಾಡಿದ.

ಹಾರ್ನಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು, ದರ್ಜಿಯ ಕಿವಿಯ ಹತ್ತಿರ ಬಾಯಿ ತಂದು, ಮನೆಯವರಿಗೆಲ್ಲ ಕೇಳಿಸುವಂತೆ ಗುಟ್ಟು ಹೇಳಿದ.

"ಭಾವ, ಆಮೇಲೆ ಒಬ್ಬ ಒಳ್ಳೇ ಸಾಹೇಬ್ರು ಬಂದಿದ್ರಲ್ಲ, ಕಾರು ಕೊಡ್ತೀನಿ ಬಾರಮ್ಮ ಅಂತ ಕರೆದ್ರು. ಅಕ್ಕ ಬೇಡ ಅಂದ್ಲು. ಶಿಕ್ಷೆ ಅನ್ಕೊಂಡಿದ್ರೆ ಬಿಟ್ಟು ಬರ್ತಿರಲಿಲ್ವಾ?"

"ಹಟಕ್ಕೆ ಅಂದಿರ್ತಾಳೆ" ಎಂದಳು ಮಗಳು. "ಅಮ್ಮನ ಹಟ ಗೊತ್ತಿಲ್ವಾ ನಿಮಗೆ? ಮಾಮ, ಅವತ್ತು ನಕ್ಕವರಲ್ಲಿ ನೀವೂ ಇದ್ರಿ."

ಹಾರ್ನಣ್ಣ ತನ್ನ ಬರಿಗಾಲನ್ನೇ ನೋಡುತ್ತ ನಿಂತ.

"ಇದ್ದೆ" ಎಂದ. ಅವನಿಗೂ ಅಷ್ಟು ಸಣ್ಣ ದನಿಯಿದೆಯೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. "ಅವಳು ರಿಟೈರ್ ಆದಾಗ ಆ ಗಾಡಿ ಯಾರಿಗೂ ಬೇಡವಾಗಿತ್ತು. ನಾನೇ ಕೇಳಿ ತಗೊಂಡೆ, ಪುಟ್ಟಿ."

ಈಗ ಎಲ್ಲರ ಕಣ್ಣೂ ದರ್ಜಿಯ ಮೇಲೆ. ಹಟವೋ, ಇಷ್ಟವೋ? ಜೊತೆಯಲ್ಲಿ ಇಷ್ಟು ವರ್ಷ ಬಾಳಿದವನಿಗೆ ಗೊತ್ತಿರಬೇಕಲ್ಲ ಎಂದು ಅವರ ಲೆಕ್ಕ. ಅವಳ ತೋಳಿನ ಅಳತೆ ಅವನಿಗೆ ಬಾಯಿಪಾಠ. ಯಾವ ಭುಜ ತುಸು ಇಳಿದಿದೆ ಎಂಬುದೂ ಗೊತ್ತು. ಇದನ್ನು ಅವನು ಕೇಳಿರಲಿಲ್ಲ. ಕೇಳಿದ್ದರೆ ಅವಳು ಹೇಳುತ್ತಿದ್ದಳೋ ಏನೋ. ಆದರೆ ಅವನ ಕಣ್ಣಮುಂದೆ ಒಂದು ಮಧ್ಯಾಹ್ನವಿತ್ತು, ಬೆಳಗಿನಿಂದಲೂ ಅದು ಸರಿಯುತ್ತಿರಲಿಲ್ಲ.

"ಇವಳ ಗಾಡಿಯಲ್ಲೇ ಹೋಗಲಿ" ಎಂದ.

"ಅಮ್ಮ ಹಾಗಂತ ಹೇಳಿದ್ಲಾ?"

"ಇಲ್ಲಮ್ಮ. ಓಡಿಸೋದನ್ನ ನಾನು ನೋಡಿದೀನಿ."

ಮಗಳು ನೋಡಿರಲಿಲ್ಲ. ಆ ಗಾಡಿ ರಸ್ತೆಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡೇ ದೊಡ್ಡವಳಾಗಿದ್ದಳು. ಸ್ವಲ್ಪ ಹೊತ್ತು ಅಮ್ಮನ ಮುಖ ನೋಡುತ್ತ ನಿಂತು, ಹೊರಗೆ ಹೋಗಿ ಗಾಜಿನ ಗಾಡಿಯವನಿಗೆ ತಾನೇ ಹೇಳಿದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಆಸ್ಪತ್ರೆ ಗಾಡಿಯ ಅಕ್ಕ ಎಂದು ಮೊದಲೇ ಗೊತ್ತಿದ್ದರೆ ಬರುತ್ತಲೇ ಇರಲಿಲ್ಲ ಎಂದು, ಸ್ಕೂಟರುಗಳನ್ನು ಸರಿಸಿ, ಓಣಿಯುದ್ದಕ್ಕೂ ಗಾಡಿಯನ್ನು ಹಿಂದಕ್ಕೇ ಓಡಿಸಿದ. ನಡೆಯಲಾಗದವರು ಇದರಲ್ಲಿ ಕೂತು ಬರಲಿ ಎಂದೂ ಹೇಳಿದ.

"ನಾನು ಅದರಲ್ಲಿ ಕೂರಲ್ಲಪ್ಪ" ಎಂದಳು ಅಜ್ಜಿ. "ನನಗಿನ್ನೂ ಟೈಮಿದೆ."

ಅತ್ತವರೆಲ್ಲ ನಕ್ಕರು. ನಗುತ್ತಲೇ ಬಿಳಿ ಬಟ್ಟೆ ಹೊದ್ದವಳನ್ನು ಎತ್ತಿ ಬೂದು ಗಾಡಿಗೆ ಏರಿಸಿದರು.

ಒಳಗೆ ಮನೆಯವರು ಕೂರುವ ಉದ್ದನೆಯ ಬೆಂಚಿಗೆ ನೀಲಿ ಮೆತ್ತೆ ಹಾಕಿತ್ತು. ಕೂತೊಡನೆ ದರ್ಜಿಯ ಬೆರಳು ಅದರ ಹೊಲಿಗೆಯ ಮೇಲೆ ನಿಂತಿತು. ಕಚೇರಿಯ ಬೆಂಚು ಬಹಳ ಗಟ್ಟಿ ಎಂದು ಅಳತೆ ಹೇಳಿ ಅವಳೇ ಅವನ ಕೈಲಿ ಹೊಲಿಸಿಕೊಂಡು ಹೋದದ್ದು. ಗುರುತು ಹಿಡಿದು ಮಗಳೂ ಅಪ್ಪನನ್ನು ನೋಡಿದಳು.

ಹಾರ್ನಣ್ಣ ಗಾಡಿ ಶುರುಮಾಡಿ, ಹೊರಡದೆ, ಹಿಂದಿನ ಸಣ್ಣ ಕಿಟಕಿ ಸರಿಸಿದ.

"ಯಾವ ದಾರಿ ಭಾವ?"

ಸ್ಮಶಾನಕ್ಕೆ ಇದ್ದದ್ದು ಒಂದೇ ನೇರ ದಾರಿಯಲ್ಲವೇ ಎಂದಳು ಮಗಳು. ಅಕ್ಕ ನೇರ ಹೋಗುತ್ತಿರಲಿಲ್ಲ ಎಂದು ಅವನು ವಿವರಿಸಿದ. ಸತ್ತವರು ದಿನಾ ಓಡಾಡುತ್ತಿದ್ದ ದಾರಿ ಯಾವುದೆಂದು ಮನೆಯವರನ್ನು ಕೇಳುವಳು, ಅದರಲ್ಲೇ ಒಯ್ಯುವಳು. ಡೀಸೆಲ್ ದಂಡ ಮಾಡುತ್ತೀರಿ ಎಂದು ಮೇಲಿನವರು ಮೆಮೊ ಕೊಡುತ್ತಲೇ ಇದ್ದರು, ಅವಳು ದಾರಿ ಕೇಳುತ್ತಲೇ ಇದ್ದಳು.

"ಆಸ್ಪತ್ರೆ ಹಿಂದಿನ ಸರ್ಕಲ್ ಬಳಸಿ ಹೋಗು" ಎಂದ ದರ್ಜಿ.

*

ಅವಳಿಗೆ ಆ ಗಾಡಿ ಕೊಟ್ಟ ಹೊಸತು. ದರ್ಜಿ ತನ್ನ ಒಳ್ಳೆಯ ಅಂಗಿ ತೊಟ್ಟು, ಅವಳಿಗೆ ಹೇಳದೆ, ದೊಡ್ಡ ಸಾಹೇಬರ ಬಳಿಗೆ ಹೊರಟಿದ್ದ. ಕೈಮುಗಿದು ಕೇಳುವುದು, ಕಾಲು ಹಿಡಿಯಬೇಕಾಗಿ ಬಂದರೆ ಹಿಡಿಯುವುದು, ಹೇಗಾದರೂ ಅವಳನ್ನು ಅದರಿಂದ ಇಳಿಸುವುದು.

ಸರ್ಕಲ್ ಹತ್ತಿರ ಬೂದು ಗಾಡಿ ತಿರುಗಿ ಬಂದು, ಬಾಗಿಲು ಎಳೆದಿದ್ದ ಕ್ಷೌರದ ಅಂಗಡಿಯೊಂದರ ಮುಂದೆ ನಿಂತಿತು. ಗಾಡಿಯೊಳಗಿನಿಂದ ಒಬ್ಬ ಯುವಕ ಅಂಗಡಿಯ ಕಡೆ ಕೈ ತೋರಿಸುತ್ತ ಅಳುತ್ತಿದ್ದ. ಹಿಂದಿನ ಕಾರುಗಳು ಹಾರ್ನ್ ಹೊಡೆದವು. ಅವಳು ಕಿಟಕಿಯಿಂದ ತೋಳು ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮಲಗಿದ ಮಗುವನ್ನು ತಟ್ಟುವ ಹಾಗೆ ಗಾಳಿಯನ್ನು ತಟ್ಟಿದಳು. ಕಾರುಗಳು ಸುಮ್ಮನಾದವು. ಅವಳೂ ಆ ಮುಚ್ಚಿದ ಬಾಗಿಲನ್ನು ನೋಡಿದಳು, ತನ್ನವರದೇ ಎಂಬಂತೆ. ಯುವಕನ ಅಳು ಇಳಿಯುವವರೆಗೆ ಕಾದು, ಗಾಡಿ ಯಾವಾಗ ಹೊರಟಿತೆಂದು ತಿಳಿಯದಷ್ಟು ಮೆಲ್ಲಗೆ ಹೊರಟಳು. ರಸ್ತೆಯ ಆಚೆ ನಿಂತಿದ್ದ ಗಂಡನನ್ನು ಅವಳು ಗಮನಿಸಲಿಲ್ಲ.

ದರ್ಜಿ ಅಲ್ಲಿಂದಲೇ ಮನೆಗೆ ತಿರುಗಿದ. ಒಳ್ಳೇ ಅಂಗಿ ಯಾಕೆ ಹಾಕಿದ್ರಿ ಎಂದು ಸಂಜೆ ಅವಳು ಕೇಳಿದಾಗ, ದೊಡ್ಡವರ ಮನೆಗೆ ಅಳತೆ ತೆಗೆಯಲು ಹೋಗಿದ್ದೆ ಎಂದ.

ಸರ್ಕಲ್‌ನಲ್ಲಿ ಈಗ ಅಂಗಡಿಯಿರಲಿಲ್ಲ, ಅಲ್ಲೊಂದು ಎತ್ತರದ ಕಟ್ಟಡವಿತ್ತು. ಹಾರ್ನಣ್ಣ ಗಾಡಿಯನ್ನು ನಿಧಾನ ಮಾಡಿದ. ಇಲ್ಲೇನಿದೆ ಅಪ್ಪ ಎಂದು ಮಗಳು ಕೇಳಿದಳು. ದರ್ಜಿ ಬಿಳಿ ಬಟ್ಟೆಯ ಮೇಲಿಂದ ಹೆಂಡತಿಯ ತೋಳನ್ನು ಹಿಡಿದುಕೊಂಡಿದ್ದ. ಇಲ್ಲಿ ನಿಂತು ಅವಳನ್ನು ನೋಡಿದ್ದನ್ನು, ನೋಡಿ ಹೆಮ್ಮೆಪಟ್ಟದ್ದನ್ನು, ಅವನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.